ಏಳುವ ಮೊದಲೇ ಹಾಜರಿ

ಡ್ರೈವರಮ್ಮನಿಗೆ ಯಜಮಾನ ಭಾನುವಾರಗಳ ಕೂಲಿಯನ್ನು ಇನ್ನೂ ಕೊಟ್ಟಿಲ್ಲ. ಬದಲಿ ರಜೆಯೂ ಇಲ್ಲ. ಕೇಳಿದರೆ “ನಾವೆಲ್ಲ ಒಂದೇ ಮನೆಯವ್ರಲ್ವೇನಮ್ಮ” ಎಂದು ಹಲ್ಲು ಕಿರಿಯುತ್ತಾನೆ. ಒಂದೇ ಮನೆಯವರಾದರೆ ಅವನ ಕಾರಿನ ಕೀಲಿ ಒಮ್ಮೆಯಾದರೂ ಇವಳ ಕೈಗೆ ಬರಬೇಕಿತ್ತು. ಅದಿರಲಿ.

ಅಂದ ಹಾಗೆ, ಅವಳು ಗಾಡಿ ಓಡಿಸುವವಳಲ್ಲ. ಹಳೇ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಶಾಲೆ, ವಾಚನಾಲಯಗಳಿಗೆ ಬಾಡಿಗೆಗೆ ಕೊಡುವ ಆ ಯಜಮಾನನ ಶೆಡ್ಡಿನಲ್ಲಿ ಕೂತು ಡ್ರೈವರ್ ಬರೆಯುತ್ತಾಳೆ. ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಯೊಳಗಿರುವ ಕರ್ನೆಲ್‌ಗೂ ಡಿಸ್ಕಿಗೂ ನಡುವೆ ಮಾತು ಮುಟ್ಟಿಸುವ ಪ್ರೋಗ್ರಾಮು ಅದು. ಇದನ್ನು ಅತ್ತೆಗೆ ಬಿಡಿಸಿ ಹೇಳಲು ಹೋಗಿಯೇ ಅವಳು ಕೆಟ್ಟದ್ದು. ಅತ್ತೆ ಬೀದಿಗೆಲ್ಲ “ನಮ್ಮ ಸೊಸೆ ಡ್ರೈವರು” ಎಂದು ಸಾರಿಬಿಟ್ಟರು. ಮರುದಿನವೇ ಪಕ್ಕದ ಮನೆಯಾಕೆ ಚೀಲ ಹಿಡಿದು ಬಾಗಿಲಿಗೆ ಬಂದಳು: “ಸ್ಟೇಷನ್ನಿಗೆ ಬಿಟ್ಟು ಬರ್ತೀಯೇನಮ್ಮ?” ಅಂದಿನಿಂದ ಹೆಸರು ಅಂಟಿಕೊಂಡಿತು.

ಈ ಸಲ ರಗಳೆ ಎದ್ದದ್ದು ವಾಚನಾಲಯದಿಂದ. ಅವಳ ಡ್ರೈವರ್ ಸೇರಿಸಿದ ಹೊಸ ಕರ್ನೆಲ್ ಹಾಕಿಕೊಟ್ಟ ಮೇಲೆ ಅಲ್ಲಿನ ಯಂತ್ರಗಳು ಬೆಳಿಗ್ಗೆ ‘ಡಿಸ್ಕ್ ಸಿಗಲಿಲ್ಲ’ ಎಂದು ಬರೆದು ಸುಮ್ಮನೆ ಕೂರುತ್ತಿದ್ದವು. ಬೇಸತ್ತ ಓದುಗರು, ಇವನ್ನು ಗುಜರಿಗೆ ಹಾಕಿ ಹೊಸವನ್ನು ತನ್ನಿ ಎಂದು ಸಮಿತಿಗೆ ಅರ್ಜಿ ಬರೆದರು. ಯಂತ್ರಗಳು ಗುಜರಿಗೆ ಹೋದರೆ ಶೆಡ್ಡಿಗೆ ಬೀಗ, ಡ್ರೈವರಮ್ಮ ಮನೆಗೆ.

ಎರಡು ಯಂತ್ರಗಳನ್ನು ಶೆಡ್ಡಿಗೆ ತರಿಸಿದಳು. ಮೇಜಿನ ಮೇಲೆ ಅವು ಹೊಸ ಅಳಿಯನಷ್ಟು ವಿನಯದಿಂದ ಕರೆದಾಗಲೆಲ್ಲ ಎದ್ದವು. ಶೆಡ್ಡಿನಲ್ಲೊಂದು ಕಟ್ಟಳೆಯಿತ್ತು. ಬಂದ ಯಂತ್ರವನ್ನು ಪೆನ್‌ಡ್ರೈವ್‌ನಿಂದ ಎಬ್ಬಿಸಿ, ಆಮೇಲಿನ ಪರೀಕ್ಷೆಯೆಲ್ಲ ರೀಸ್ಟಾರ್ಟ್ ಒತ್ತಿಯೇ ಮಾಡಬೇಕು, ಪ್ಲಗ್ ಕೀಳುವಂತಿಲ್ಲ. ಕಿತ್ತರೆ ಹಳೇ ಡಿಸ್ಕು ಸತ್ತೇಹೋಗುತ್ತದೆಂದು ಯಜಮಾನನ ಭಯ.

ಅವಳು ವಾಚನಾಲಯದ ಜವಾನನಿಗೆ ಫೋನು ಮಾಡಿದಳು. “ಅಣ್ಣ, ನೀವೇ ಏನೋ ಮಾಡ್ತಿದೀರಿ.”

“ನಾನೇನ್ ಮೇಡಂ ಮಾಡ್ಲಿ? ಗುಂಡಿ ಒತ್ತೋದಷ್ಟೇ ನನ್ ಕೆಲ್ಸ. ಒತ್ತೋದ್ರಲ್ಲೂ ತಪ್ಪಿದ್ರೆ ನೀವೇ ಬಂದು ಒತ್ತಿ.”

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದಳು. ಜವಾನ ಯಂತ್ರಗಳ ತಲೆ ಒರೆಸುತ್ತಿದ್ದ. ದೂಳು ಕೂತರೆ ಅವಕ್ಕೆ ಮುನಿಸು ಬರುತ್ತದೆಂಬುದು ಅವನ ಸಿದ್ಧಾಂತ. ಒರೆಸಿ, ಗೋಡೆಯ ಸ್ವಿಚ್ ಹಾಕಿ, ಗುಂಡಿ ಒತ್ತಿದ. ಡ್ರೈವರಮ್ಮ ಡಬ್ಬಕ್ಕೆ ಕಿವಿ ಒತ್ತಿ ಕೂತಳು. ಒಳಗೆ ಡಿಸ್ಕಿನ ಗುಂಯ್ ಸದ್ದು ಇನ್ನೂ ಏರುತ್ತಲೇ ಇತ್ತು. ಪರದೆಯ ಮೇಲೆ ಆಗಲೇ ಬಂದಿತ್ತು: ‘ಡಿಸ್ಕ್ ಸಿಗಲಿಲ್ಲ.’

“ಸಂಜೆ ಗೋಡೆ ಸ್ವಿಚ್ಚೇ ಆರಿಸ್ತೀರಾ?”

“ಮತ್ತೆ? ಕರೆಂಟ್ ಬಿಲ್ ನಿಮ್ ಯಜಮಾನ್ರು ಕಟ್ತಾರಾ?”

ಅವಳು ಹಣೆ ಚಚ್ಚಿಕೊಂಡಳು. ರೀಸ್ಟಾರ್ಟ್ ಒತ್ತಿದಾಗ ಡಿಸ್ಕಿನ ತಟ್ಟೆ ತಿರುಗುತ್ತಲೇ ಇರುತ್ತದೆ, ಕೂಗಿದೊಡನೆ ಓಗೊಡುತ್ತದೆ. ಕರೆಂಟ್ ಪೂರ್ತಿ ಹೋಗಿ ಬಂದರೆ ತಟ್ಟೆ ವೇಗ ಹಿಡಿಯಲು ಹೊತ್ತು ಬೇಕು, ಬೇರೆ ಚಿಪ್ಪಿನಲ್ಲಿರುವ ಕರ್ನೆಲ್ ಮಾತ್ರ ತಕ್ಷಣ ಎದ್ದುಬಿಡುತ್ತದೆ. ಅವಳ ಡ್ರೈವರ್ ಒಮ್ಮೆ ಕೂಗಿ, ಡಿಸ್ಕು ‘ಹಾಜರ್’ ಎನ್ನದಿದ್ದರೆ ಗೈರುಹಾಜರಿ ಹಾಕಿ ಮುಂದೆ ಹೋಗುತ್ತಿತ್ತು. ಮೊದಲು ಕಾಯುತ್ತಿತ್ತು. ಗಿರಾಕಿ ಮೆಚ್ಚಬೇಕು, ಬೇಗ ಶುರುವಾಗಬೇಕು ಎಂದು ಯಜಮಾನ ಕುಣಿದಿದ್ದಕ್ಕೆ ಆ ಸಾಲುಗಳನ್ನು ಅವಳೇ ಕಿತ್ತಿದ್ದಳು. ಬಾಯಿ ಅವನದು, ಕೈ ಇವಳದು.

ಓದುವ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ಬಿಚ್ಚಿದಳು. ಡಿಸ್ಕು ‘ಇನ್ನೂ ಏಳುತ್ತಿದ್ದೇನೆ’ ಎಂದರೆ ತುಸು ಬಿಟ್ಟು ಮತ್ತೆ ಕೇಳು. ಇಷ್ಟು ಹೊತ್ತಾದರೂ ಏಳದಿದ್ದರೆ ಮಾತ್ರ ಕೈಬಿಡು. ಬರೆದದ್ದು ಇಷ್ಟೇ.

ಜವಾನ ಇಣುಕಿ ಏನೆಂದು ಕೇಳಿದ, ಅವಳು ಹೇಳಿದಳು. “ಕಾಯೋದನ್ನ ಹೇಳ್ಕೊಡೋಕೆ ಇಷ್ಟೆಲ್ಲ ಓದ್ಬೇಕಾ ಮೇಡಂ?”

“ಕಾಯೋದನ್ನ ಯಾರು ಬೇಕಾದ್ರೂ ಹೇಳ್ಕೊಡ್ತಾರೆ ಅಣ್ಣ. ಸತ್ತೋಗಿರೋದಕ್ಕೆ ಕಾಯ್ತಾ ಕೂರ್ಬೇಡ ಅನ್ನೋದನ್ನ ಹೇಳ್ಕೊಡೋದೇ ಕಷ್ಟ.”

ತಿದ್ದಿದ ಕರ್ನೆಲ್ ತುಂಬಿ, ಗೋಡೆಯ ಸ್ವಿಚ್ ಆರಿಸಿ, ತಟ್ಟೆಗಳು ನಿಲ್ಲುವವರೆಗೆ ಕಾದು ಮತ್ತೆ ಹಾಕಿಸಿದಳು. ಒಂದೊಂದಾಗಿ ಪರದೆಗಳು ಬೆಳಗಿದವು. ಮೂಲೆಯ ಯಂತ್ರವೊಂದು ಏಳಲಿಲ್ಲ. ಅದರ ಡಿಸ್ಕು ನಿಜಕ್ಕೂ ಸತ್ತಿತ್ತು. ಅದನ್ನು ಸೊಂಟದ ಮೇಲೆ ಹೊತ್ತುಕೊಂಡು ಶೆಡ್ಡಿಗೆ ಬಂದಳು.

“ಯಂತ್ರ ಏಳೋದು ಮುಂಚೆಗಿಂತ ನಿಧಾನ ಆಯ್ತಲ್ಲಮ್ಮ” ಎಂದ ಯಜಮಾನ.

“ಹೌದು ಸಾರ್. ಈಗ ಶುರುವಾಗ್ತವೆ.”

ಯಂತ್ರಗಳು ಎದ್ದವು, ಅರ್ಜಿ ಮಾತ್ರ ಮಲಗಿಲ್ಲ. ಈ ತಿಂಗಳ ಸಭೆಯಲ್ಲಿ ಸಮಿತಿ ಅದನ್ನು ಓದುತ್ತದೆ. ಯಂತ್ರದ ಮುಖ ನೋಡುವುದಿಲ್ಲ, ಸಹಿ ಎಣಿಸುತ್ತದೆ. ವಾಚನಾಲಯದ ಓದುಗರೇ, ಆ ಸಹಿಗಳಲ್ಲಿ ನಿಮ್ಮದೂ ಒಂದು. ನಾಳೆ ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹೋಗಿ. ತಣ್ಣಗಿರುವ ಯಂತ್ರವೊಂದನ್ನು ನಿಮ್ಮ ಕೈಯಾರೆ ಚಾಲೂ ಮಾಡಿ, ಕೈಕಟ್ಟಿ ನಿಂತು ನೋಡಿ. ಎದ್ದರೆ, ಸಮಿತಿಯ ಕೋಣೆಗೆ ನಡೆದು ನಿಮ್ಮ ಸಹಿಯನ್ನು ಹೊಡೆದುಹಾಕಿ ಬನ್ನಿ.