ಮೂರನೆಯ ಸಿಲಿಂಡರಿಗೂ ಆರೇ ನೆಗೆತ

ವಿನ್ನಿಪೆಗ್ ಸರೋವರದ ಪಡುದಂಡೆಯ ಅರ್ನೆಸ್ ಬಂದರಿನಲ್ಲಿ ಹಳೆಯ ದೋಣಿ ಕೊಳ್ಳುವವರು ಎರಡು ಬಗೆ: ಬಣ್ಣ ನೋಡಿ ಕೊಳ್ಳುವವರು, ಯಾಲ್ಮಾರನನ್ನು ಕರೆಸಿ ಕೊಳ್ಳುವವರು. ಮೊದಲಿನವರು ಬೇಸಿಗೆ ಕಳೆಯಲು ಬರುವ ಪಟ್ಟಣಿಗರು. ಎರಡನೆಯವರು ಬಲೆ ಬೀಸಿ ಹೊಟ್ಟೆ ಹೊರೆಯುವವರು.

ಯಾಲ್ಮಾರನ ಪರೀಕ್ಷೆ ನೋಡುವುದಕ್ಕೆ ಸುಲಭ. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಕಿಡಿ ಹಾರದಂತೆ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಒಂದೊಂದೇ ಸಿಲಿಂಡರಿನ ತೂತಿಗೆ ಒತ್ತಡ ಅಳೆಯುವ ಗೇಜು ಕೂರಿಸಿ ಎಂಜಿನ್ ಸುತ್ತಿಸುವುದು. ಪಿಸ್ಟನ್ ಗಾಳಿಯನ್ನು ಒತ್ತಿದಾಗಲೆಲ್ಲ ಸೂಜಿ ಒಮ್ಮೆ ನೆಗೆಯುತ್ತದೆ. ಎಲ್ಲ ಸಿಲಿಂಡರಿಗೂ ಆರೇ ನೆಗೆತ, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಮೋಸಕ್ಕೆ ಜಾಗವಿರುವುದು ಈ ಸುತ್ತಿಸುವುದರಲ್ಲೇ. ಹಿಂದೊಮ್ಮೆ ಮಾರುವವನೊಬ್ಬ ತಾನೇ ಕೀಲಿ ತಿರುಗಿಸುತ್ತೇನೆಂದು ಕೂತು, ಸೊರಗಿದ ಸಿಲಿಂಡರಿನ ಸರದಿ ಬಂದಾಗ ಎರಡು ಕ್ಷಣ ಹೆಚ್ಚು ಹಿಡಿದು ಅದರ ಸೂಜಿಯನ್ನೂ ಮೇಲೇರಿಸಿದ್ದ. ಅಂಕಿಗಳೆಲ್ಲ ಅಣ್ಣತಮ್ಮಂದಿರಂತೆ ಸಮ ಬಂದವು. ಜುಲೈ ತಿಂಗಳಲ್ಲಿ ಆ ಎಂಜಿನ್ ನಡುನೀರಲ್ಲಿ ನಿಂತಿತು. ಅಂದಿನಿಂದ ಯಾಲ್ಮಾರ್ ಸ್ಟಾರ್ಟರಿಗೆ ಎರಡು ತಂತಿ ಸಿಕ್ಕಿಸಿ, ಅವುಗಳ ತುದಿಯ ಗುಂಡಿಯನ್ನು ತನ್ನ ಮುಷ್ಟಿಯಲ್ಲೇ ಇಟ್ಟುಕೊಳ್ಳುತ್ತಿದ್ದ. ಎಂಜಿನ್ ಸುತ್ತುವಾಗ ಮಾರುವವನು ಬಾಯಿ ಬಿಡಕೂಡದು ಎಂಬುದು ಅವನ ಕಟ್ಟಳೆ. ಪಾದ್ರಿಗಳು ದೋಣಿ ಮಾರಿದಾಗಲೂ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಮಾಡಿಕೊಳ್ಳಬೇಕಾಯಿತು.

ಈ ಮೇ ತಿಂಗಳಲ್ಲಿ ಮಾರುವವನು ಯಾಲ್ಮಾರನೇ ಆಗಿದ್ದ. ಎಪ್ಪತ್ತೆರಡರ ಎದೆಗೆ ಇನ್ನು ಸರೋವರ ಬೇಡವೆಂದು ಡಾಕ್ಟರು ಹೇಳಿದ್ದರು. ಪಟ್ಟಣದವನೊಬ್ಬ ಭಾನುವಾರ ಬರುವವನಿದ್ದ. ಮಕ್ಕಳನ್ನು ಗಾಳಿ ತುಂಬಿದ ರಬ್ಬರ್ ಟ್ಯೂಬಿನ ಮೇಲೆ ಕೂರಿಸಿ ನೀರಲ್ಲಿ ಎಳೆಯುವುದಕ್ಕೆ ಅವನಿಗೊಂದು ದೋಣಿ ಬೇಕು. ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಯಾಲ್ಮಾರನ ಲೆಕ್ಕವೇ ಬೇರೆ. ಮೂವತ್ತು ವರ್ಷ ಮೀನು ಹೊತ್ತ ದೋಣಿ ಮೀನು ಹಿಡಿಯುವವರಿಗೇ ಹೋಗಬೇಕು, ಅಂದರೆ ಸೋಲ್ರುನ್‌ಗೆ. ಅವಳು ಒಬ್ಬಳೇ ಬಲೆ ಹಾಕುವ ಗಟ್ಟಿಗಿತ್ತಿ. ಹತ್ತು ದಿನದಲ್ಲಿ ಹಂಗಾಮು ಶುರು.

ಶುಕ್ರವಾರ ಅವಳು ಬಂದಳು. ಜೊತೆಗೆ ಯಾರೂ ಕರೆಯದ ಗೀಸ್ಲಿಯೂ ಬಂದ. ಅವನು ಯಾಲ್ಮಾರನ ಹಳೆಯ ಜೊತೆಗಾರ; ಹಲ್ಲಿನ ನಡುವೆ ಸಕ್ಕರೆ ಉಂಡೆ ಕಚ್ಚಿ ಕಾಫಿ ಹೀರುತ್ತಾ ನಿಂತ.

"ಗುಂಡಿ ಯಾರಜ್ಜ ಒತ್ತೋದು?" ಎಂದಳು ಸೋಲ್ರುನ್.

"ನೀನೇ. ಇವತ್ತು ಮಾರೋನು ನಾನು. ನಂಗೆ ಕೈಯೂ ಇಲ್ಲ, ಬಾಯೂ ಇಲ್ಲ."

"ಇವನ ಬಾಯಿ ಮುಚ್ಚಿರೋದು ನೋಡೋಕೇ ನಾನು ಬಂದಿದ್ದು," ಎಂದ ಗೀಸ್ಲಿ.

ಮೊದಲನೆಯ ಸಿಲಿಂಡರ್ ನೂರ ಇಪ್ಪತ್ತೈದು. ಎರಡನೆಯದು ನೂರ ಇಪ್ಪತ್ತೆರಡು. ಮೂರನೆಯದು ತೊಂಬತ್ತಾರಕ್ಕೆ ನಿಂತಿತು.

ಹುಡುಗಿ ಬೇಗ ಬೆರಳು ತೆಗೆದಳು ಅಂದುಕೊಂಡ ಯಾಲ್ಮಾರ್. ನಾಲಿಗೆ ತುರಿಸಿತು. ಕಷ್ಟಪಟ್ಟು ನೀರುಹಕ್ಕಿಗಳನ್ನು ನೋಡುತ್ತ ನಿಂತ. ಅವಳೇ ಸೂಜಿಯನ್ನು ಸೊನ್ನೆಗೆ ಇಳಿಸಿ, ಬಾಯಿಬಿಟ್ಟು ಎಣಿಸುತ್ತ ಮತ್ತೆ ಒತ್ತಿದಳು. ಆರಕ್ಕೆ ತೊಂಬತ್ತೇಳು.

"ಇನ್ನೊಂಚೂರು ಹಿಡ್ಕೊಂಡಿರು. ಏರುತ್ತೆ ಅದು."

"ಮಾರೋನು ಮಾತಾಡ್ದ," ಎಂದ ಗೀಸ್ಲಿ.

ಸೋಲ್ರುನ್ ಮತ್ತೆ ಒತ್ತಿ ಹಿಡಿದಳು. ಆರು ದಾಟಿತು, ಎಂಟು, ಹತ್ತು. ಸೂಜಿ ಮೆಟ್ಟಿಲು ಹತ್ತುವ ಮುದುಕನಂತೆ ನೂರ ಇಪ್ಪತ್ತೊಂದು ಮುಟ್ಟಿತು. ಆಮೇಲೆ ಗೇಜನ್ನು ಮೊದಲನೆಯದಕ್ಕೆ ಬದಲಿಸಿ ಅದಕ್ಕೂ ಹತ್ತು ನೆಗೆತ ಆಗುವವರೆಗೆ ಒತ್ತಿ ಹಿಡಿದಳು. ಅದು ಮೊದಲಿಗಿಂತ ಎರಡೇ ಎರಡು ಮೇಲೆ ಹೋಗಿ ನೂರ ಇಪ್ಪತ್ತೇಳಕ್ಕೆ ನಿಂತಿತು.

"ಮೂರನೇದು ಏರುತ್ತೆ ಅಂತ ನಿಮಗೆ ಹೆಂಗೆ ಗೊತ್ತಿತ್ತು, ಅಜ್ಜ?"

ಅವಳು ಕೊಂಕಿಗೆ ಕೇಳಿದ್ದಲ್ಲ. ಯಾಲ್ಮಾರ್ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. ಕಂಡವರ ಎಂಜಿನ್‌ಗಳಿಗೆ ಅವನು ಎಣಿಸುತ್ತಿದ್ದ. ಕೊಳ್ಳುವವನು, ಮಾರುವವನು ಇಬ್ಬರೂ ಪಕ್ಕದಲ್ಲೇ ನಿಂತು ನೋಡುತ್ತಿರುತ್ತಿದ್ದರು. ತನ್ನದನ್ನು ಪ್ರತಿ ವಸಂತದಲ್ಲೂ ಒಬ್ಬನೇ ನೋಡುತ್ತಿದ್ದ. ಅಲ್ಲಿ ಎಣಿಸಿದ್ದು ನೆನಪಿಲ್ಲ. ಸೂಜಿ ಬರಬೇಕಾದಲ್ಲಿಗೆ ಬರುವವರೆಗೆ ಹೆಬ್ಬೆರಳು ಕಾದಿರುತ್ತಿತ್ತು, ತಡವಾಗಿ ಬರುವ ಮಗನಿಗೆ ಬಾಗಿಲು ತೆರೆದಿಟ್ಟ ಹಾಗೆ.

ಭಾನುವಾರದ ಗಿರಾಕಿ ನೆನಪಾದ. ಅವನಾದರೆ ಬಣ್ಣ ನೋಡಿ ಕೈ ಕುಲುಕುತ್ತಾನೆ. ಸೋಲ್ರುನ್‌ಗೂ 'ಎರಡು ಬೇಸಿಗೆಗೆ ಏನೂ ಆಗಲ್ಲ' ಎಂದುಬಿಡಬಹುದಿತ್ತು. ಯಾಲ್ಮಾರ್ ಹೇಳಿದರೆ ಅವಳು ನಂಬುತ್ತಿದ್ದಳು. ಹಿಮ ಆಗಷ್ಟೇ ಕರಗಿದ ಮೇ ತಿಂಗಳ ಆ ನೀರಿಗೆ ಬಿದ್ದವರು ಎಷ್ಟು ಹೊತ್ತು ಈಜುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

"ಪಿಸ್ಟನ್ ರಿಂಗ್ ಸವೆದು ಒತ್ತಡ ಸೋರ್ತಿದೆ," ಎಂದ ಯಾಲ್ಮಾರ್. "ಅದಕ್ಕೇ ನಿಧಾನಕ್ಕೆ ಏರೋದು. ಹೀಗೇ ತಗೋಬೇಡ ಮಗಳೇ."

"ಅಂದ್ರೆ ಪಟ್ಟಣದೋನಿಗೆ ಕೊಡ್ತೀರಾ?"

"ಅವನಿಗೂ ಇದನ್ನೇ ಹೇಳ್ಬೇಕಾಗುತ್ತೆ."

ಸೋಲ್ರುನ್ ದೋಣಿಯ ಅಂಚಿಗೆ ಎರಡು ಸಲ ತಟ್ಟಿದಳು. "ಹೇಳೋದು ಬೇಡ. ದೋಣಿ ಇವತ್ತೇ ಒಯ್ತೀನಿ, ನನ್ನ ಸಣ್ಣ ಎಂಜಿನ್ ಹಾಕ್ಕೊಂಡು ದಡದ ಹತ್ರಾನೇ ಬಲೆ ಬಿಡ್ತೀನಿ. ನೀವು ಈ ದೊಡ್ಡ ಎಂಜಿನ್ ಇಲ್ಲೇ ಇಟ್ಕೊಂಡು ಬಿಚ್ಚಿ ಸರಿಮಾಡಿ. ಆಮೇಲೆ ನಾನೇ ಬಂದು ಒತ್ತೀನಿ, ಆರೇ."

"ಅವಾಗ ನಾನು ಮಾತಾಡಲ್ಲ."

"ನೋಡೋಣ," ಎಂದ ಗೀಸ್ಲಿ.

ಅವಳು ಹೋದ ಮೇಲೆ ಮುದುಕರಿಬ್ಬರೂ ಎಂಜಿನ್ನಿನ ತಲೆ ಬಿಚ್ಚಿದರು. ಮೂರನೆಯ ಸಿಲಿಂಡರಿನ ಒಳಗೋಡೆಯ ಮೇಲೆ ಬೆಂಕಿಕಡ್ಡಿಯುದ್ದದ ಗೀರು. ಗೀಸ್ಲಿ ಉಗುರಿನಿಂದ ಅದನ್ನು ಸವರಿ ನೋಡಿದ.

"ಎಷ್ಟು ವರ್ಷದ್ದೋ ಇದು?"

"ಗೊತ್ತಿಲ್ಲ ಕಣೋ," ಎಂದ ಯಾಲ್ಮಾರ್. "ಎಣಿಸ್ಲಿಲ್ಲ."