ಕೆಂಪು ಬೇಡದ ಎಲೆ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವರು ಮೋರಿಯ ಬಾಗಿಲೆತ್ತಿದರೆ ಹಿತ್ತಿಲ ಗೋಡೆಯಾಚೆ ಗುಳುಗುಳು ಸದ್ದು ಶುರುವಾಗುತ್ತಿತ್ತು. ಮೊದಲು ವಾರಕ್ಕೊಮ್ಮೆ ಕೇಳುತ್ತಿದ್ದದ್ದು, ಈಗ ದಿನಾ ಬೆಳಿಗ್ಗೆ. ಹಸಿರಕ್ಕ ಕಿಟಕಿ ಮುಚ್ಚಿ ಕುಂಚ ಹಿಡಿಯುತ್ತಿದ್ದರು.

ಗಿಡಗಳ ರೋಗ ನೋಡುವ ಕಚೇರಿಗೆ ಇಪ್ಪತ್ತೆಂಟು ವರ್ಷದಿಂದ ಎಲೆಗಳ ಚಿತ್ರ ಬರೆದುಕೊಡುತ್ತಿದ್ದವರು ಅವರು. ಆ ಹೆಸರು ಬಂದದ್ದೂ ಅದರಿಂದಲೇ. ಟ್ಯೂಬಿನಲ್ಲಿ ಸಿಗುವ ಹಸಿರನ್ನು ಅವರು ಮುಟ್ಟುತ್ತಿರಲಿಲ್ಲ. ನೀಲಿಗೆ ಹಳದಿ ಬೆರೆಸಿ, ಕೊನೆಗೆ ಕುಂಚದ ತುದಿಯಲ್ಲಿ ಸಾಸಿವೆಯಷ್ಟು ಇಟ್ಟಿಗೆಗೆಂಪು ತಾಗಿಸುತ್ತಿದ್ದರು. ಆಗ ಹಸಿರಿನ ಸೊಕ್ಕು ಅಡಗಿ, ಎಲೆ ಎಲೆಯ ಹಾಗೆ ಕಾಣುತ್ತಿತ್ತು.

"ಅತ್ತಿಗೆ ಕಾಫಿಗೂ ಒಂದು ಚಿಟಿಕೆ ಕೆಂಪು ಹಾಕ್ತಾರೆ, ನೋಡ್ಕೊಂಡು ಕುಡೀರಿ" ಎಂದು ತಂಗಿಯ ಗಂಡ ಬಂದವರೆದುರು ಕಾಲೆಳೆಯುತ್ತಿದ್ದ.

ಅಂದು ತಂಗಿಯ ಮಗಳು ನಿಂಬೆಯ ಕೊಂಬೆಯೊಂದನ್ನು ಹಿಡಿದು ಬಂದಳು. ಐದು ತಿಂಗಳ ಬಸುರಿ. ನಾಲ್ಕು ಮೆಟ್ಟಿಲಿಗೇ ಏದುಸಿರು.

"ನೋಡಿ ದೊಡ್ಡಮ್ಮ, ನಮ್ಮ ಗಿಡ ಹೇಗೆ ಬಂದಿದೆ. ಇದನ್ನ ಬರೀರಿ."

ಹಸಿರಕ್ಕ ಎಲೆಯನ್ನು ಕಾಗದದ ಮೇಲಿಟ್ಟು ಪಕ್ಕದಲ್ಲೇ ಬಣ್ಣ ಹಚ್ಚಿದರು. ಮಂಕಾಯಿತು. ಕೆಂಪು ಕಡಿಮೆ ಮಾಡಿದರು. ಕೆಂಪನ್ನೇ ಬಿಟ್ಟರು. ಹೊಂದಲಿಲ್ಲ. ಕಡೆಗೆ, ಯಾರೋ ಉಡುಗೊರೆ ಕೊಟ್ಟು ಡ್ರಾಯರಿನ ಮೂಲೆಯಲ್ಲಿ ಬಿದ್ದಿದ್ದ ಟ್ಯೂಬಿನ ಮುಚ್ಚಳ ತಿರುಗಿಸಿ ಒಂದು ಗೆರೆ ಎಳೆದರು. ಎಲೆಗೂ ಗೆರೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಏನ್ ದೊಡ್ಡಮ್ಮ, ನೀವೂ ಟ್ಯೂಬಿಗೆ ಇಳಿದುಬಿಟ್ರಾ?"

ಹಸಿರಕ್ಕ ನಗಲಿಲ್ಲ. ಮಣ್ಣಿನಿಂದ ಬೆಳೆದ ಯಾವ ಎಲೆಯೂ ಇಷ್ಟು ವರ್ಷದಲ್ಲಿ ಕೆಂಪು ಬೇಡವೆಂದಿರಲಿಲ್ಲ. ಅವರು ಕೊಂಬೆಯ ಮುರಿದ ತುದಿಯನ್ನು ಬಿಳಿ ಕಾಗದಕ್ಕೆ ಒತ್ತಿ ಹಿಡಿದರು. ತೆಗೆದಾಗ ತೆಳ್ಳಗೆ ಒಂದು ನೀಲಿ ಉಂಗುರ ಉಳಿದಿತ್ತು.

"ಗಿಡಕ್ಕೆ ಯಾವ ನೀರು ಹಾಕ್ತೀರಿ?"

"ಬಾವೀದೇ. ಕಾರ್ಖಾನೆ ಮೋರಿ ಪಕ್ಕದ್ದು. ನೀರು ಕನ್ನಡಿ ಥರ ಇದೆ ಬಿಡಿ."

"ಕುಡಿಯೋಕೆ?"

"ನಲ್ಲಿ ನಿಂತು ಎರಡು ತಿಂಗಳಾಯ್ತಲ್ಲ ದೊಡ್ಡಮ್ಮ. ಕುಡಿಯೋಕೂ ಅದೇ. ನಾನು ಬರುವಾಗಲೂ ಅಮ್ಮ ಸೇದ್ತಾ ಇದ್ಲು."

ಹುಡುಗಿ ಚೀಲದಿಂದ ನೀರಿನ ಬಾಟಲಿ ತೆಗೆದಳು. ಬಾಯಿಗಿಡುವಷ್ಟರಲ್ಲಿ ಹಸಿರಕ್ಕ ಕಿತ್ತುಕೊಂಡರು. ನೀರು ಇಬ್ಬರ ಸೀರೆಗೂ ಚೆಲ್ಲಿತು.

"ಯಾಕೆ, ಏನಾಯ್ತು?"

"ನೀನಿಲ್ಲೇ ಕೂತಿರು. ನಾನು ಹೋಗಿ ಮೊದಲು ಆ ಬಾವಿ ಹಗ್ಗಾನ..."

ಉಳಿದದ್ದು ಹುಡುಗಿಗೆ ಕೇಳಿಸಲಿಲ್ಲ. ಹಸಿರಕ್ಕ ಮೆಟ್ಟಿಲಿಳಿದು, ಚಪ್ಪಲಿಯನ್ನೂ ಮೆಟ್ಟದೆ, ತಂಗಿಯ ಮನೆಯ ದಾರಿ ಹಿಡಿದಾಗಿತ್ತು.