ಕೇಳದೆ ಬಿಟ್ಟ ಪ್ರಶ್ನೆ

ದೆವ್ವ, ಕಾಣದ ಕೈ, ಯಾರೋ ಬಂದು ಕಾಪಾಡಿದರು ಎಂಬಂಥ ಮಾತು ಶುರುವಾದರೆ ಮೊದಲು ನಗುತ್ತಿದ್ದವಳು ನಾನೇ. ವಕೀಲಿ ಕಲಿತವರಿಗೆ ಇದೊಂದು ಚಟ. ಏನು ಹೇಳಿದರೂ ಕಣ್ಣಾರೆ ಕಂಡ ಸಾಕ್ಷಿ ಎಲ್ಲಿ ಎಂದು ಕೇಳುತ್ತೇವೆ. ಈಗ ನನ್ನದೇ ಒಂದು ಅನುಭವ ಹೇಳಲು ಕೂತಿದ್ದೇನೆ. ಇಂಥ ಕಥೆಗೆ ಅಮಾವಾಸ್ಯೆ ರಾತ್ರಿಯಾದರೂ ಇರಬೇಕಿತ್ತು. ನನ್ನದು ನಡೆದದ್ದು ಮೈಸೂರಿನ ಕೋರ್ಟಿನಲ್ಲಿ, ಊಟ ಮುಗಿದು ಎಲ್ಲರೂ ತೂಕಡಿಸುವ ಮಧ್ಯಾಹ್ನದ ಹೊತ್ತಿನಲ್ಲಿ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನಾನು ವಕೀಲಿ ಸನ್ನದು ಪಡೆದು ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಸೀನಿಯರ್ ಮೇಡಂ ಆಫೀಸು ಇದ್ದದ್ದು ಮಂಡಿ ಮೊಹಲ್ಲಾದಲ್ಲಿ, ಒಣಮೆಣಸಿನಕಾಯಿಯ ಸಗಟು ಅಂಗಡಿಯ ಮೇಲೆ. ಕಕ್ಷಿದಾರರು ಸೀನುತ್ತಲೇ ಮೆಟ್ಟಿಲು ಹತ್ತುತ್ತಿದ್ದರು. ಫೈಲು ಹೊರುವುದು, ಬೇರೆಯವರ ಕೇಸಿಗೆ ಮುಂದಿನ ತಾರೀಕು ಕೇಳುವುದು, ಇಷ್ಟೇ ನನ್ನ ವಕೀಲಿ. ಆದರೆ ಮೇಡಂ ಪ್ರತಿ ಜೂನಿಯರ್ ಕೈಗೂ ಉಚಿತ ಕಾನೂನು ನೆರವಿನ ಒಂದು ಕೇಸು ಕೊಡಿಸುತ್ತಿದ್ದರು. "ಫೀಸಿಲ್ಲ ಅಂತ ಅರ್ಧಂಬರ್ಧ ಓದ್ಕೊಂಡು ಹೋಗ್ಬೇಡ ಕಣಮ್ಮ. ಅವರಿಗೆ ಇನ್ನೊಬ್ಬ ವಕೀಲರು ಸಿಗಲ್ಲ" ಅನ್ನುತ್ತಿದ್ದರು. ನಾವು ಕೇಸು ನಡೆಸುವಾಗ ಹಿಂದಿನ ಕುರ್ಚಿಯಲ್ಲಿ ಕೂತಿರುವರು. ಸಾಕು ಅನ್ನಿಸಿದರೆ ಎರಡು ಬೆರಳಿನಲ್ಲಿ ನಮ್ಮ ಕರಿ ಕೋಟಿನ ಅಂಚು ಹಿಡಿದು ಮೆಲ್ಲಗೆ ಎಳೆಯುವರು. ಎಳೆದರೆ ಮುಗಿಯಿತು, ಬಾಯಿ ಮುಚ್ಚಿ ಕೂರಬೇಕು.

ನನ್ನ ಪಾಲಿಗೆ ಬಂದದ್ದು ಮಾದೇವಮ್ಮನ ಕೇಸು. ಕಡಕೊಳದ ಕಡೆಯಿಂದ ಬಂದು ವಿದ್ಯಾರಣ್ಯಪುರಂನ ಒಂದು ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದಾಕೆ. ಆ ಮನೆಯ ಚಿನ್ನದ ಬಳೆಗಳು ಕಾಣೆಯಾಗಿ, ಕಳ್ಳತನದ ಆರೋಪ ಆಕೆಯ ಮೇಲೆ ಬಿದ್ದಿತ್ತು. ಬಳೆ ಹೋದ ಸಂಜೆ ಆಕೆ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಹಿತ್ತಿಲ ಬಾಗಿಲಿಂದ ಹೋದದ್ದನ್ನು ನೋಡಿದೆ ಎಂದು ಪಕ್ಕದ ಮನೆಯ ಯಜಮಾನರು ಹೇಳಿದ್ದರು.

"ಉಳುದಿದ್ ಚಿತ್ರಾನ್ನ ಕಣ್ ಲಾಯರಮ್ಮ, ನಮ್ ಮನೆಗೆ ಅಂತ ತಕ್ಕಂಡೋಯ್ತಿದ್ದೆ" ಅಂದಳು ಮಾದೇವಮ್ಮ. "ಜೈಲಾದ್ರೆ ಆಗೋಗ್ಲಿ. ಕಳ್ಳಿ ಅನ್ನುಸ್ಕಂಡು ಸಾಯ್ಬಾರ್ದು."

ನಾನು ಆಕೆಯನ್ನು ನಂಬಿದೆ. ಆದರೆ ನನ್ನ ನಂಬಿಕೆಯನ್ನು ಕೋರ್ಟು ಬರೆದುಕೊಳ್ಳುವುದಿಲ್ಲವಲ್ಲ.

ಪಕ್ಕದ ಮನೆಯವರನ್ನು ಪಾಟೀ ಸವಾಲು ಮಾಡುವ ದಿನ ಮೇಡಂ ನಂಜನಗೂಡಿನ ಕೋರ್ಟಿಗೆ ಹೋಗಿದ್ದರು. ನಾನೊಬ್ಬಳೇ. ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದೆ. ಆ ಸಂಜೆ ಆಗಲೇ ಮಬ್ಬುಗತ್ತಲಾಗಿತ್ತು, ಬೀದಿ ದೀಪ ಹತ್ತಿರಲಿಲ್ಲ, ಕಂಡದ್ದು ಬೆನ್ನು ಮಾತ್ರ, ಮುಖ ನೋಡಲಿಲ್ಲ ಎಂದು ಅವರು ಒಪ್ಪಿಕೊಂಡರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮುಖವೇ ನೋಡದೆ ಅದು ಮಾದೇವಮ್ಮನೇ ಅಂತ ಹೇಗೆ ಹೇಳುತ್ತೀರಿ ಎಂದು ಕೇಳಿ ಅವರನ್ನು ಪೂರ್ತಿ ಮಲಗಿಸಿಬಿಡೋಣ ಅನ್ನಿಸಿತು. ಬಾಯಿ ತೆರೆದೆ.

ಹಿಂದಿನಿಂದ ಯಾರೋ ಕೋಟಿನ ಅಂಚು ಹಿಡಿದು ಎಳೆದರು. ಅದೇ ಎರಡು ಬೆರಳು, ಅದೇ ಮೆಲ್ಲನೆಯ ಎಳೆತ. ರೂಢಿಯ ಬಲದಿಂದ "ಇಷ್ಟೇ ಸ್ವಾಮಿ" ಎಂದು ಕೂತುಬಿಟ್ಟೆ. ಸರ್ಕಾರಿ ವಕೀಲರೂ ಇನ್ನೇನೂ ಕೇಳುವುದಿಲ್ಲ ಎಂದರು. ಮೇಡಂ ಯಾವಾಗ ಬಂದರಪ್ಪಾ ಎಂದು ತಿರುಗಿದರೆ ಹಿಂದಿನ ಸಾಲು ಪೂರ್ತಿ ಖಾಲಿ. ಮೊಳೆಗಿಳೆ ಏನಾದರೂ ಇದೆಯೇ ಎಂದು ಕುರ್ಚಿಗಳನ್ನೆಲ್ಲ ತಡವಿ ನೋಡಿದೆ. ಏನೂ ಇರಲಿಲ್ಲ.

ವರಾಂಡಕ್ಕೆ ಬಂದರೆ ಆ ಸಾಕ್ಷಿ ಸರ್ಕಾರಿ ವಕೀಲರ ಹತ್ತಿರ ಗೊಣಗುತ್ತಿದ್ದರು. "ಹೆಂಗೆ ಗುರುತು ಹಿಡಿದ್ರಿ ಅಂತ ಆ ಲಾಯರಮ್ಮ ಕೇಳ್ಲೇ ಇಲ್ವಲ್ಲ ಸಾರ್. ಅವಳು ಎಡಗಾಲು ಎಳ್ಕೊಂಡು ನಡೀತಾಳೆ, ನಡಿಗೇಲೇ ಗೊತ್ತಾಯ್ತು ಅಂತ ಹೇಳೋನಿದ್ದೆ."

ಮಾದೇವಮ್ಮ ಎಡಗಾಲು ಎಳೆದೇ ನಡೆಯುತ್ತಿದ್ದಳು. ಆ ಪ್ರಶ್ನೆ ಕೇಳಿದ್ದರೆ ಆಕೆಯನ್ನು ನಾನೇ ಜೈಲಿಗೆ ಕಳಿಸಿದಂತಾಗುತ್ತಿತ್ತು.

ಸಂಜೆ ಮೇಡಂಗೆ ಎಲ್ಲವನ್ನೂ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಕೋಟು ಇಸಿದುಕೊಂಡು ಅಂಚನ್ನು ತಿರುವಿ ತಿರುವಿ ನೋಡಿ, "ಇದನ್ನ ಸ್ವಲ್ಪ ದಿನ ಒಗೀಬೇಡ ಕಣಮ್ಮ" ಎಂದಷ್ಟೇ ಅಂದು ಕಾಫಿ ತರಿಸಿದರು. ಆ ಮಾತನ್ನು ಅವರು ಮತ್ತೆ ಎತ್ತಲೇ ಇಲ್ಲ.

ಮಾದೇವಮ್ಮನ ಬಿಡುಗಡೆಯಾಯಿತು. ಅದಾದ ಮೇಲೆ ಬಂದ ದಸರೆಗೆ ಆ ಮನೆಯವರು ಬೊಂಬೆ ಕೂರಿಸಲು ಅಟ್ಟದಿಂದ ಪೆಟ್ಟಿಗೆ ಇಳಿಸಿದ್ದಾರೆ. ಪಟ್ಟದ ಬೊಂಬೆಗೆ ಸುತ್ತಿದ್ದ ಹಳೇ ಬಟ್ಟೆಯೊಳಗೆ ಬಳೆಗಳು! ಮನೆಯ ಅಜ್ಜಿ ಜೋಪಾನವಾಗಿರಲಿ ಎಂದು ಇಟ್ಟು ಮರೆತಿದ್ದರಂತೆ. ಮನೆಯಾಕೆ ಮಾದೇವಮ್ಮನ ಬಾಗಿಲಿಗೇ ಹೋಗಿ ಕೈ ಹಿಡಿದು ಅತ್ತರಂತೆ. ಇದನ್ನು ಹೇಳಲು ಮಾದೇವಮ್ಮ ಆಫೀಸಿಗೆ ಬಂದಾಗ ನಾನೂ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಕೆಳಗಿನ ಅಂಗಡಿಯವರು ಮೆಣಸಿನಕಾಯಿ ಘಾಟು ಅಂದುಕೊಂಡಿರಬೇಕು.

ಹೊರಡುವಾಗ ಮಾದೇವಮ್ಮ ತಾನಾಗಿಯೇ ಅಂದಳು: "ಅವತ್ತು ಕೋರ್ಟ್ನಾಗೆ ನಿಮ್ ಕೋಟು ಹಿಂದುಕ್ಕೆ ಹೋಗಿದ್ನ ನಾನ್ ನೋಡ್ದೆ ಕಣ್ ಲಾಯರಮ್ಮ. ಯಾರೋ ಹಿಡ್ದು ಎಳುದಂಗೆ."

ಆ ಎಳೆತದ ಸಂಗತಿಯನ್ನು ನಾನು ಆಕೆಗೆ ಹೇಳಿಯೇ ಇರಲಿಲ್ಲ.

ಕಣ್ಣಾರೆ ಕಂಡ ಸಾಕ್ಷಿ ಎದುರಿಗೇ ನಿಂತಿತ್ತು. ಯಾರು ಎಳೆದರು, ಕಂಡಿತಾ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಮಾದೇವಮ್ಮನೂ ಅದನ್ನೇ ಕಾಯುತ್ತಿರುವವಳಂತೆ ನನ್ನ ಮುಖ ನೋಡುತ್ತಿದ್ದಳು. ಯಾರೇ ಇರಲಿ, ಸರಿಯಾದ ಹೊತ್ತಿಗೆ ಎಳೆದಿದ್ದರು. ಈ ಸಲ ಯಾರೂ ಎಳೆಯಬೇಕಾಗಲಿಲ್ಲ, ನಾನಾಗಿಯೇ ಬಾಯಿ ಮುಚ್ಚಿ ಕೂತೆ.